75ರವರೆಗೆ ಬೆಣ್ಣೆ, 80ಕ್ಕೆ ನಡುಕ

ಕೋಲಾರದಲ್ಲಿ ಪಿಕಪ್ ಓಡಿಸುವವರು ಮತ್ತು ಐಟಿಐ ಓದುವ ಕೆಲವು ಹುಡುಗರ ಮುಂದೆ ಆಡಿದ ಮಾತು ಇದು. ಮಾತಾಡುವಾಗ ಮೇಜಿನ ಮೇಲೆ ಒಂದು ಹಳೇ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುವ ಉದ್ದ ಕೊಳವೆ), ಅದರ ತುದಿಯ ಜಾಯಿಂಟಿನಲ್ಲಿ ಕೂರುವ ಎರಡು ಸವೆದ ಕ್ರಾಸ್, ಅರ್ಧ ತುಂಬಿದ ನೀರಿನ ಬಾಟಲಿ ಇಟ್ಟುಕೊಂಡಿದ್ದೆ. ಓದುವವರಿಗೆ ಅವು ಕಾಣುವುದಿಲ್ಲವಲ್ಲ, ಅದಕ್ಕೆ ಬರೆಯುವಾಗ ಅಲ್ಲಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಗಾಡಿ ಮೆಕ್ಯಾನಿಕ್, ಭಾಷಣ ಮಾಡುವವನಲ್ಲ. ಗಾಡಿ ಕೆಳಗೆ ಮಲಗಿಕೊಂಡು ಮಾತಾಡು ಅಂದರೆ ಸಲೀಸು, ಮೈಕ್ ಮುಂದೆ ನಿಂತರೆ ನನಗೇ ನಡುಕ. ಇವತ್ತಿನ ವಿಷಯವೂ ನಡುಕವೇ ಆದ್ದರಿಂದ ನಡೆಯುತ್ತೆ.

ಈ ಊರಲ್ಲಿ ಪಿಕಪ್ ಏನು ಕೆಲಸ ಮಾಡುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎಪಿಎಂಸಿ ಯಾರ್ಡಿಗೆ ಟೊಮೆಟೊ, ಶ್ರೀನಿವಾಸಪುರದ ಕಡೆಯಿಂದ ಮಾವು, ಮಾಲೂರಿನ ಕಡೆಯಿಂದ ತರಕಾರಿ. 15 ಕೆಜಿಯ ಬಾಕ್ಸ್ 100 ಹೇರಿದರೆ ಅಲ್ಲಿಗೇ ಒಂದೂವರೆ ಟನ್. ತೋಟದ ಮಣ್ಣಿನ ದಾರಿಯಲ್ಲಿ ಹತ್ತು ಕಿಲೋಮೀಟರ್ ಸ್ಪೀಡಲ್ಲಿ ತೆವಳಿದ ಗಾಡಿ, ಅರ್ಧ ಗಂಟೆಯಲ್ಲಿ ಹೈವೇ ಹತ್ತಿ 80ಕ್ಕೆ ಬರಬೇಕು. ಹೈವೇ ನಂಬರ್ 4 ಇದ್ದದ್ದು 75 ಆಗಿದೆ, ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ ಮದ್ರಾಸ್ ರೋಡ್.

ಆ ರೋಡಿನಿಂದ ಇಳಿದು ನೇರ ನನ್ನ ಶೆಡ್ಡಿಗೆ ಬರುವವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. “ಅಣ್ಣ, 75ರವರೆಗೆ ಬೆಣ್ಣೆ ಥರ ಹೋಗುತ್ತೆ. 80 ಮುಟ್ಟಿದ ತಕ್ಷಣ ಅದುರೋಕೆ ಶುರು.” ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತೆ: “ಅಲೈನ್‌ಮೆಂಟ್ ಮಾಡಿಸ್ದೆ, ಆದ್ರೂ ಹೋಗ್ಲಿಲ್ಲ.”

ಈ ಅಲೈನ್‌ಮೆಂಟ್ ವಿಷಯ ಮೊದಲೇ ಮುಗಿಸಿಬಿಡೋಣ. ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ಕಡೆಗೆ ಮುಖ ಮಾಡಿದೆ ಅನ್ನೋದು. ಅದು ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತೆ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ತೂಕ ಸುತ್ತಲೂ ಸಮ ಇದೆಯಾ ಅನ್ನೋದು. 80ರಲ್ಲಿ ಸ್ಟೇರಿಂಗ್ ಅದುರುವುದಕ್ಕೆ ಎರಡನೆಯದನ್ನು ನೋಡಬೇಕು. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಬಿಲ್ಲಿನಲ್ಲಿ ಆಗುವುದರಿಂದ ಎರಡೂ ಒಂದೇ ಅಂತ ನಮ್ಮ ಜನಕ್ಕೆ ಅನ್ನಿಸಿಬಿಟ್ಟಿದೆ.

ಸ್ಪ್ಯಾನರ್ ಮುಟ್ಟುವ ಮುಂಚೆ ನಾನು ಈಗ ಒಂದು ಪ್ರಶ್ನೆ ಕೇಳುತ್ತೇನೆ. ಇತ್ತೀಚೆಗೆ ಈ ಗಾಡಿಗೆ ಏನು ಕೆಲಸ ಮಾಡಿಸಿದಿರಿ? ಪಂಕ್ಚರ್ ಹಾಕಿಸಿದ್ದರೂ ಹೇಳಿ, ಗುಂಡಿಗೆ ಬಿಟ್ಟಿದ್ದರೂ ಹೇಳಿ. ಈ ಪ್ರಶ್ನೆ ಕೇಳಬೇಕು ಅಂತ ಒಂದು ಟೊಮೆಟೊ ಸೀಸನ್ನು ನನಗೆ ಕಲಿಸಿತು. ಆ ಕಥೆ ಆಮೇಲೆ ಹೇಳುತ್ತೇನೆ, ಅದರಲ್ಲಿ ಮರ್ಯಾದೆ ಹೋಗುವುದು ನನ್ನದೇ.

ಮೊದಲು ಸುಲಭದ್ದು. ಮಳೆ ಬಂದ ಮಾರನೇ ದಿನ ಬರುವ ಗಾಡಿ. ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಬೆಳಿಗ್ಗೆಯಿಂದ ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿಲ್ಲ. ನಾನು ಮಾಡುವುದು ಇಷ್ಟೇ: ಬಗ್ಗಿ ರಿಮ್ಮಿನ ಒಳಗಡೆ ಕೈ ಹಾಕುತ್ತೇನೆ. ಹೊರಗಿನಿಂದ ಕಾಣುವ ಕಡೆ ಅಲ್ಲ, ಬ್ರೇಕ್ ಇರುವ ಕಡೆ. ತೋಟದ ಕೆಂಪು ಮಣ್ಣು ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೆಳಕ್ಕೆ ಜಾರಿ, ರಿಮ್ಮಿನ ಒಂದೇ ಜಾಗದಲ್ಲಿ ಕೂತು, ಇಟ್ಟಿಗೆ ಥರ ಗಟ್ಟಿಯಾಗಿರುತ್ತೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಕೊಬ್ಬರಿ ಚೂರಿನ ಹಾಗೆ ಎದ್ದು ಬರುತ್ತೆ.

ಒಂದು ಹಿಡಿ ಮಣ್ಣು ಒಂದೂವರೆ ಟನ್ ಹೊರುವ ಗಾಡಿಯನ್ನು ಅಲ್ಲಾಡಿಸುತ್ತಾ ಅಂತ ನಗಬೇಡಿ. ಲೆಕ್ಕ ಹಾಕೋಣ, ಐಟಿಐ ಹುಡುಗರು ಬರೆದುಕೊಳ್ಳಿ. ನಮ್ಮ ಪಿಕಪ್ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 80 ಕಿಲೋಮೀಟರ್ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. 15 ಇಂಚಿನ ರಿಮ್ಮಿನ ಅಂಚಿನಲ್ಲಿ 50 ಗ್ರಾಂ ಮಣ್ಣು ಕೂತರೆ, ಆ ಸ್ಪೀಡಲ್ಲಿ ಅದು ಹೊರಕ್ಕೆ ಎಳೆಯುವ ಬಲ ಹೆಚ್ಚು ಕಡಿಮೆ ನಾಲ್ಕು ಕೆಜಿ ತೂಕದಷ್ಟು. ಸೆಕೆಂಡಿಗೆ ಹತ್ತು ಸಲ ಒಬ್ಬ ನಾಲ್ಕು ಕೆಜಿ ಕಲ್ಲಲ್ಲಿ ಚಕ್ರವನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಗುದ್ದಿದ ಹಾಗೆ. 40ರಲ್ಲಿ ಅದೇ ಮಣ್ಣಿನ ಬಲ ಒಂದು ಕೆಜಿಯಷ್ಟು ಮಾತ್ರ, ಯಾಕೆಂದರೆ ಸ್ಪೀಡು ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತೆ. ಊರೊಳಗೆ ಓಡಿಸುವಾಗ ಗೊತ್ತೇ ಆಗದ ನಡುಕ ಹೈವೇಗೆ ಬಂದ ಮೇಲೆ ಹುಟ್ಟಿದ ಹಾಗೆ ಕಾಣುವುದು ಅದಕ್ಕೇ.

ಇನ್ನೊಂದು ವಿಚಿತ್ರ ಇದೆ. ಕೆಲವು ಗಾಡಿ 80ರಿಂದ 90ರವರೆಗೆ ಅದುರಿ, ಅದಕ್ಕೂ ಮೇಲೆ ಹೋದರೆ ಸುಮ್ಮನಾಗುತ್ತೆ. ಉಯ್ಯಾಲೆ ನೋಡಿದ್ದೀರಲ್ಲ, ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಜೋರಾಗಿ ಆಡುತ್ತೆ, ತಾಳ ತಪ್ಪಿ ತಳ್ಳಿದರೆ ಕೈ ನೋವು ಅಷ್ಟೇ. ಸ್ಪ್ರಿಂಗು, ಟೈರು, ಸ್ಟೇರಿಂಗ್ ಸೇರಿ ಅದಕ್ಕೂ ಒಂದು ತಾಳ ಇರುತ್ತೆ. ಚಕ್ರದ ಗುದ್ದು ಆ ತಾಳಕ್ಕೆ ಕೂಡಿಕೊಂಡಾಗ ನಡುಕ ಜಾಸ್ತಿ. “ನೂರರಲ್ಲಿ ಅದುರಲ್ಲ ಅಣ್ಣ, ಅದಕ್ಕೆ ನೂರರಲ್ಲೇ ಹೋಗ್ತೀನಿ” ಅಂದವನೂ ಒಬ್ಬನಿದ್ದ. ನಾಲ್ಕು ಪಥದ ರೋಡಲ್ಲೂ ಗೂಡ್ಸ್ ಗಾಡಿಗೆ ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ಮಿತಿ 80 ಅಂತ ಅವನಿಗೆ ಹೇಳಿದೆ. ನಡುಕಕ್ಕಿಂತ ಅದು ಅವನಿಗೆ ಜಾಸ್ತಿ ಬೇಜಾರಾಯಿತು.

ಮಣ್ಣು ಇಲ್ಲ ಅಂದರೆ ಗಾಡಿ ಓಡಿಸಿ ನೋಡಬೇಕು. ಬಿಚ್ಚುವ ಮುಂಚೆ ಓಡಿಸಬೇಕು, ಬಿಚ್ಚಿದ ಮೇಲೆ ಓಡಿಸಿ ಏನೂ ಗೊತ್ತಾಗಲ್ಲ. ಓಡಿಸುವ ಮುಂಚೆಯೂ ಒಂದು ಕೆಲಸ: ನಾಲ್ಕೂ ಚಕ್ರದ ನಟ್ಟು ಬಿಗಿ ಇದೆಯಾ ನೋಡಿ. ಸಡಿಲ ನಟ್ಟಿನ ನಡುಕವನ್ನು ಹೈವೇಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ.

ಓಡಿಸುವಾಗ ಎಲ್ಲಿ ಅದುರುತ್ತೆ ಅಂತ ಗಮನಿಸಿ. ಕೈಗೆ ಬಂದರೆ, ಅಂದರೆ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಒದರಿದರೆ, ಮುಂದಿನ ಚಕ್ರ. ಸೀಟಿಗೆ, ಕಾಲ ಕೆಳಗಿನ ತಗಡಿಗೆ ಬಂದರೆ ಹಿಂದಿನ ಚಕ್ರ ಅಥವಾ ಶಾಫ್ಟ್. ಎರಡು ಮುಂದಿನ ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ನೋಡಿ. ನಡುಕ ಕೈಯಿಂದ ಸೀಟಿಗೆ ಜಾಗ ಬದಲಾಯಿಸಿದರೆ ಕಳ್ಳ ಚಕ್ರದಲ್ಲೇ ಇದ್ದಾನೆ. ಇದಕ್ಕೆ ಯಾವ ಮಿಷನ್ನೂ ಬೇಡ, ಜಾಕಿ ಒಂದು ಸಾಕು.

ಆಮೇಲೆ ಯಾವ ಥರದ ನಡುಕ. ಈ ಬಾಟಲಿ ಅದಕ್ಕೇ ತಂದಿದ್ದು. ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟು ಡ್ಯಾಶ್‌ಬೋರ್ಡ್ ಮೇಲೆ ಹಿಡಿಯಲು ಹೇಳಿ, ಓಡಿಸುವವರು ರೋಡು ನೋಡಲಿ. ಚಕ್ರದ ನಡುಕ ಸೆಕೆಂಡಿಗೆ 10, ನೀರು ತೊಟ್ಟಿಲ ಥರ ಕುಲುಕುವುದು ಕಣ್ಣಿಗೆ ಕಾಣುತ್ತೆ. ಶಾಫ್ಟ್ ಚಕ್ರಕ್ಕಿಂತ ನಾಲ್ಕರಷ್ಟು ಜೋರಾಗಿ ತಿರುಗುತ್ತೆ, ಯಾಕೆಂದರೆ ಹಿಂದೆ ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ಸುತ್ತು ಇಳಿಸಿ ಚಕ್ರಕ್ಕೆ ಕೊಡುವ ಹಲ್ಲಿನ ಗೇರು ಇದೆ. ಅಂದರೆ 80ರಲ್ಲಿ ಸೆಕೆಂಡಿಗೆ ಸುಮಾರು 40. ಆಗ ನೀರು ಕುಲುಕುವುದಿಲ್ಲ, ಮೇಲೆಲ್ಲ ಸಣ್ಣ ಗೆರೆ ಗೆರೆ ಏಳುತ್ತೆ. ಕಿವಿಗೆ ಗುಂಯ್ ಅಂತ, ಸೊಂಟಕ್ಕೆ ಜುಮ್ ಅಂತ. ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತೆ.

ಇಂಜಿನ್ ಮೇಲೆ ಅನುಮಾನ ಇದ್ದರೆ ಅದೇ ಸ್ಪೀಡಲ್ಲಿ ಐದನೇ ಗೇರಿಂದ ನಾಲ್ಕಕ್ಕೆ ಇಳಿಸಿ. ಇಂಜಿನ್ ಸುತ್ತು ಏರುತ್ತೆ, ಚಕ್ರ ಮತ್ತು ಶಾಫ್ಟ್ ಇದ್ದ ಹಾಗೇ ತಿರುಗುತ್ತೆ. ನಡುಕ ಬದಲಾಗಲಿಲ್ಲ ಅಂದರೆ ಇಂಜಿನ್ನಿಗೂ ಅದಕ್ಕೂ ಸಂಬಂಧ ಇಲ್ಲ, ಇಂಜಿನ್ ಕೂರುವ ಮೌಂಟಿಂಗ್ ರಬ್ಬರಿಗೆ ದುಡ್ಡು ಸುರಿಯಬೇಡಿ. ಕೆಲವರು ನ್ಯೂಟ್ರಲ್ ಮಾಡಿ, ಕೀ ಕೂಡ ಆಫ್ ಮಾಡಿ ನೋಡುತ್ತಾರೆ. ದಯವಿಟ್ಟು ಬೇಡ. ಪವರ್ ಸ್ಟೇರಿಂಗ್ ಹೋಗುತ್ತೆ, ಬ್ರೇಕಿನ ಬೂಸ್ಟರ್ ಹೋಗುತ್ತೆ, ಕೀ ಸ್ವಲ್ಪ ಜಾಸ್ತಿ ತಿರುಗಿದರೆ ಸ್ಟೇರಿಂಗೇ ಲಾಕ್.

ಈಗ ಆ ಕಥೆ.

ಮುಳಬಾಗಿಲು ಕಡೆಯವರು ಒಬ್ಬರು, ಸ್ವಂತ ಗಾಡಿ, ತಾವೇ ಓಡಿಸುವವರು. ನನ್ನಲ್ಲೇ ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಹೋದರು. ಮೂರನೇ ದಿನ ವಾಪಸ್ ಬಂದರು. “ಅಣ್ಣ, ಕ್ಲಚ್ ಹಾಕಿಸಿದ ಮೇಲೆ ನಡುಕ ಶುರುವಾಯ್ತು. 70 ದಾಟಿದ್ರೆ ಸೀಟಲ್ಲಿ ಕೂರೋಕಾಗಲ್ಲ” ಅಂದರು. ನನಗೆ ಕೋಪ ಬಂತು. ಕ್ಲಚ್ಚಿಗೂ ಇದಕ್ಕೂ ಏನು ಸಂಬಂಧ, ಗುಂಡಿಗೆ ಬಿಟ್ಟಿರುತ್ತಾರೆ, ಈಗ ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ನಾಲ್ಕು ಚಕ್ರ ಬ್ಯಾಲೆನ್ಸ್ ಮಾಡಿಸಿದೆ. ಹೋಗಲಿಲ್ಲ. ಟೈರು ಹಿಂದೆ ಮುಂದೆ ಮಾಡಿದೆ. ಹೋಗಲಿಲ್ಲ. ಶಾಫ್ಟನ್ನು ಮಧ್ಯೆ ಹಿಡಿಯುವ ಸೆಂಟರ್ ಬೇರಿಂಗ್ ಹೊಸದು ಹಾಕಿದೆ, ಹೊಸ ಮೌಂಟಿಂಗ್ ಹಾಕಿದೆ. ಅವರು ಪಾಪ ನಾಲ್ಕು ದಿನ ಬಾಡಿಗೆ ಗಾಡಿಯಲ್ಲಿ ಮಾಲು ಸಾಗಿಸಿದರು. ಅದೂ ಸೀಸನ್ನಲ್ಲಿ.

ಐದನೇ ದಿನ ಗಾಡಿ ಕೆಳಗೆ ಮಲಗಿ, ಇನ್ನು ಏನು ಬಿಚ್ಚೋಣ ಅಂತ ನೋಡುತ್ತಿದ್ದೆ. ಸುಮ್ನೆ ಕೈಯಲ್ಲಿದ್ದ ಸೀಮೆಎಣ್ಣೆ ಬಟ್ಟೆಯಲ್ಲಿ ಶಾಫ್ಟಿನ ಸ್ಲಿಪ್ ಜಾಯಿಂಟ್, ಅಂದರೆ ಎರಡು ತುಂಡು ಹಲ್ಲಿಗೆ ಹಲ್ಲು ಕೂತು ಹಿಂದೆ ಮುಂದೆ ಜಾರುವ ಜಾಗ, ಒರೆಸಿದೆ. ಗ್ರೀಸು, ಮಣ್ಣು ಹೋದ ಮೇಲೆ ಒಂದು ಸಣ್ಣ ಬಾಣದ ಗುರುತು ಕಂಡಿತು. ಕಂಪನಿಯಲ್ಲೇ ಹೊಡೆದದ್ದು. ಅದರ ಎದುರು ಇನ್ನೊಂದು ಬಾಣ ಇರಬೇಕಲ್ಲ, ಇರಲಿಲ್ಲ. ಶಾಫ್ಟ್ ತಿರುಗಿಸಿ ನೋಡಿದರೆ ಅದು ಎರಡು ಹಲ್ಲು ಆಚೆ ಇತ್ತು.

ಕ್ಲಚ್ ಬದಲಾಯಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಮೊದಲು ಶಾಫ್ಟ್ ಬಿಚ್ಚಬೇಕು. ಬಿಚ್ಚುವಾಗ ಸ್ಲಿಪ್ ಜಾಯಿಂಟ್ ಎರಡು ತುಂಡಾಗಿ ಕೈಗೆ ಬಂದಿತ್ತು. ನಾನು ಗುರುತು ಹಾಕಿಕೊಳ್ಳಲಿಲ್ಲ. ವಾಪಸ್ ಹಾಕುವಾಗ ಹಲ್ಲಿಗೆ ಹಲ್ಲು ಕೂತಿತು, ಕೂತಿತಲ್ಲ ಅಂತ ಬಿಟ್ಟೆ. ಶೆಡ್ಡಿನ ಹುಡುಗರ ಮೇಲೆ ಹಾಕೋಣ ಅಂದರೆ ಆ ದಿನ ಹುಡುಗರು ರಜೆ.

ಎರಡು ಹಲ್ಲಿಗೆ ಇಷ್ಟು ನಡುಕ ಯಾಕೆ? ಈ ಶಾಫ್ಟ್ ನೋಡಿ. ಎರಡು ತುದಿಗೂ ಒಂದೊಂದು ಕ್ರಾಸ್ ಇದೆ, ಅಂದರೆ ಕೂಡಿಸುವ ಚಿಹ್ನೆಯ ಆಕಾರದ ಕಬ್ಬಿಣ, ನಾಲ್ಕು ತುದಿಗೂ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿ ಥರದ ಬೇರಿಂಗು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 17ನೇ ಶತಮಾನದಲ್ಲಿ ಇದರ ಬಗ್ಗೆ ಬರೆದಿದ್ದರಿಂದ ನಿಮ್ಮ ಐಟಿಐ ಪುಸ್ತಕದಲ್ಲಿ ಇದು ಹುಕ್ಸ್ ಜಾಯಿಂಟ್. ಗೇರ್‌ಬಾಕ್ಸ್ ಮೇಲೆ, ಹಿಂದಿನ ಆಕ್ಸಲ್ಲಿನ ಹೌಸಿಂಗ್ ಕೆಳಗೆ, ಮಧ್ಯೆ ಶಾಫ್ಟ್ ಓರೆಯಾಗಿ ಹೋಗಬೇಕು. ಆ ಓರೆಯನ್ನು ಕ್ರಾಸ್ ಸಹಿಸಿಕೊಳ್ಳುತ್ತೆ. ಆದರೆ ಅದಕ್ಕೊಂದು ಕೆಟ್ಟ ಗುಣ ಇದೆ. ಈ ಕಡೆಯಿಂದ ನೀವು ಒಂದೇ ಸಮ ತಿರುಗಿಸಿದರೂ, ಓರೆ ಇದ್ದಾಗ ಆ ಕಡೆ ಒಂದೇ ಸಮ ತಿರುಗಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೆ ಓಡುತ್ತೆ, ಎರಡು ಸಲ ಹಿಂದೆ ಬೀಳುತ್ತೆ.

ಇಬ್ಬರು ಹುಡುಗರು ಮುಂದೆ ಬಂದು ಶಾಫ್ಟನ್ನು ಓರೆ ಹಿಡಿದು ನಿಧಾನ ತಿರುಗಿಸಿದರು. ಒಂದು ಕಡೆ ಹಿಡಿದವನು “ಸಾರ್, ಕೈ ತಡೆದು ತಡೆದು ಹೋಗ್ತಿದೆ” ಅಂದ. ಅದೇ.

ಹಾಗಾದರೆ ಎಲ್ಲ ಗಾಡಿಯೂ ಅದುರಬೇಕಲ್ಲ? ಅದುರಲ್ಲ, ಯಾಕೆಂದರೆ ಇನ್ನೊಂದು ತುದಿಯ ಕ್ರಾಸ್ ಇದರ ತಪ್ಪನ್ನು ತಿದ್ದುತ್ತೆ. ಮೊದಲನೆಯದು ಓಡಿದಾಗ ಅದು ಹಿಂದೆ ಎಳೆಯುತ್ತೆ. ಆದರೆ ಈ ತಿದ್ದುವ ಕೆಲಸ ಆಗಬೇಕಾದರೆ ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವೆಗಳು ಒಂದೇ ಸಾಲಿನಲ್ಲಿ ಇರಬೇಕು, ಎರಡು ಕಡೆಯ ಓರೆಯೂ ಸಮ ಇರಬೇಕು. ನಾನು ಎರಡು ಹಲ್ಲು ತಪ್ಪಿಸಿದಾಗ ಕವೆಗಳ ಸಾಲು ತಪ್ಪಿತು. ಶಾಫ್ಟ್ ಸೆಕೆಂಡಿಗೆ 40 ಸುತ್ತು, ಸುತ್ತಿಗೆ ಎರಡು ಗುದ್ದು, ಸೆಕೆಂಡಿಗೆ 80 ಗುದ್ದು ಆ ಪುಣ್ಯಾತ್ಮರ ಸೀಟಿಗೆ ಹೋಗುತ್ತಿತ್ತು. ಕೆಲವು ಶಾಫ್ಟಿನಲ್ಲಿ ಒಂದು ಹಲ್ಲು ಅಗಲ ಇಟ್ಟಿರುತ್ತಾರೆ, ತಪ್ಪಾಗಿ ಕೂರಿಸೋಣ ಅಂದರೂ ಕೂರಲ್ಲ. ನನ್ನ ಕೈಗೆ ಸಿಕ್ಕಿದ್ದು ಅಂಥದ್ದಾಗಿರಲಿಲ್ಲ.

ಸರಿ ಮಾಡಲು ಹಿಡಿದದ್ದು ಮುಕ್ಕಾಲು ಗಂಟೆ. ಬೇರಿಂಗಿನ ದುಡ್ಡು, ಮೌಂಟಿಂಗಿನ ದುಡ್ಡು ವಾಪಸ್ ಕೊಟ್ಟೆ. ನಾಲ್ಕು ದಿನದ ಬಾಡಿಗೆ ಗಾಡಿಯ ದುಡ್ಡು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಅದು ಇನ್ನೂ ಮನಸ್ಸಲ್ಲಿದೆ. ಈಗ ನನ್ನ ಜೇಬಲ್ಲಿ ಯಾವಾಗಲೂ ಒಂದು ವೈಟ್‌ನರ್ ಪೆನ್ ಇರುತ್ತೆ. ಬಿಚ್ಚುವ ಮುಂಚೆ ಎರಡು ತುಂಡಿನ ಮೇಲೂ ಒಂದು ಗೆರೆ.

ಓರೆ ಸಮ ಇರಬೇಕು ಅಂದೆನಲ್ಲ, ಅದು ನಮ್ಮ ಕಡೆಯ ಗಾಡಿಗಳಿಗೆ ಬೇರೆ ಥರ ಕಾಡುತ್ತೆ. ಲೋಡು ಜಾಸ್ತಿ ಹೇರಬೇಕು ಅಂತ ಹಿಂದಿನ ಕಮಾನಿಗೆ, ಅಂದರೆ ಪಟ್ಟಿ ಸ್ಪ್ರಿಂಗಿಗೆ, ಎಕ್ಸ್‌ಟ್ರಾ ಪ್ಲೇಟ್ ಹಾಕಿಸುತ್ತೀರಿ. ಹಿಂಭಾಗ ಎದ್ದು ನಿಲ್ಲುತ್ತೆ, ಶಾಫ್ಟಿನ ಓರೆ ಬದಲಾಗುತ್ತೆ. ಲೋಡು ಇದ್ದಾಗ ಚೆನ್ನಾಗಿದೆ, ಖಾಲಿ ವಾಪಸ್ ಬರುವಾಗ ಗುಂಯ್ ಅಂತ ಅದುರುತ್ತೆ ಅಂದರೆ ಮೊದಲು ಪ್ಲೇಟ್ ಎಣಿಸಿ. ಲೋಡಿಗೆ ಮಾತ್ರ ಅದುರಿದರೆ ಕಮಾನು ಕುಸಿದಿದೆಯಾ, ಸೆಂಟರ್ ಬೇರಿಂಗಿನ ರಬ್ಬರು ಹರಿದಿದೆಯಾ ನೋಡಿ. ಯಾರ ಗಾಡಿ ನಡುಕವನ್ನೇ ಆಗಲಿ ನಾನು ಖಾಲಿಯಲ್ಲೊಂದು ಸಲ, ಮಾಲು ಹೇರಿ ಒಂದು ಸಲ ಓಡಿಸಿ ನೋಡುತ್ತೇನೆ.

ಕ್ರಾಸ್ ಕೆಟ್ಟಿದೆಯಾ ಅಂತ ನೋಡುವುದಕ್ಕೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ ಶಾಫ್ಟನ್ನು ಕೈಯಲ್ಲಿ ಆಚೆ ಈಚೆ ಅಲ್ಲಾಡಿಸಿ. ಜಾಯಿಂಟಲ್ಲೇ ಟಕ್ ಅಂದರೆ ಮುಗಿಯಿತು. ಇನ್ನೊಂದು ಗುರುತು: ಬಟ್ಟಲಿನ ಬಾಯಲ್ಲಿ ಕುಂಕುಮದಂಥ ಕೆಂಪು ಪುಡಿ. ಗ್ರೀಸು ಒಣಗಿ ಸೂಜಿಗಳು ತುಕ್ಕು ಅರೆಯುತ್ತಿವೆ ಅಂತ ಅರ್ಥ. ಗ್ರೀಸ್ ಹೊಡೆಯುವಾಗ ನಾಲ್ಕೂ ಬಟ್ಟಲಿಂದ ಹಳೇ ಗ್ರೀಸು ಹೊರಗೆ ಬರಬೇಕು. ಮೂರರಿಂದ ಬಂದು ಒಂದರಿಂದ ಬರಲಿಲ್ಲ ಅಂದರೆ ಆ ಬಟ್ಟಲೇ ಮುಂದೊಂದು ದಿನ ನಿಮ್ಮನ್ನು ರೋಡಲ್ಲಿ ನಿಲ್ಲಿಸುತ್ತೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮುಂದಿನ ಡಿಸ್ಕು ಅಥವಾ ಹಿಂದಿನ ಡ್ರಮ್ಮು, ಟೈರು ಮುಟ್ಟಬೇಡಿ. ಗೊರ್ ಅಂತ ಸದ್ದು ಬಂದು, ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಹೆಚ್ಚು ಕಡಿಮೆ ಆದರೆ ವೀಲ್ ಬೇರಿಂಗ್. ರಿಮ್ ಬೆಂಡಾಗಿದೆಯಾ ಅಂತ ಅನುಮಾನ ಇದ್ದರೆ ಜಾಕಿ ಏರಿಸಿ, ಪಕ್ಕದಲ್ಲಿ ಇಟ್ಟಿಗೆ ಜೋಡಿಸಿ, ಅದರ ಮೇಲೆ ಒಂದು ಸೀಮೆಸುಣ್ಣ ರಿಮ್ಮಿಗೆ ತಾಗಿಯೂ ತಾಗದ ಹಾಗಿಟ್ಟು ಚಕ್ರ ತಿರುಗಿಸಿ. ಸುತ್ತಲೂ ಗೆರೆ ಬಿದ್ದರೆ ಚೆನ್ನಾಗಿದೆ, ಒಂದೇ ಕಡೆ ಬಿದ್ದರೆ ಅಲ್ಲಿ ಬೆಂಡು.

ಟೈರಿನ ವಿಷಯ ಮಾತ್ರ ಬೇಗ ಮುಗಿಸಲ್ಲ. 20, 30ರಲ್ಲೇ ಗಾಡಿ ಬಾತುಕೋಳಿ ಥರ ಹೊಯ್ದಾಡಿದರೆ, ಬ್ಯಾಲೆನ್ಸಿಂಗ್ ಅಂತ ಹೊರಡಬೇಡಿ. ಟೈರಿನೊಳಗೆ ಪದರ ಬಿಟ್ಟುಕೊಂಡಿರಬಹುದು. ಗಾಳಿ ಸರಿ ಇರುತ್ತೆ, ಪಂಕ್ಚರ್ ಇರಲ್ಲ, ಮೇಲಿನ ರಬ್ಬರು ಮಾತ್ರ ಒಂದು ಕಡೆ ಊದಿರುತ್ತೆ. ಅದು ಲೋಡಿನಲ್ಲಿ, ಬಿಸಿಲಲ್ಲಿ, 80ರಲ್ಲಿ ಒಡೆಯುತ್ತೆ. ರೀಟ್ರೆಡ್ ಟೈರು, ಅಂದರೆ ಹಳೇ ಟೈರಿಗೆ ಹೊಸ ರಬ್ಬರು ಅಂಟಿಸಿದ್ದು, ಹಾಕಲೇಬೇಡಿ ಅಂತ ನಾನು ಹೇಳಲ್ಲ, ನಿಮ್ಮ ಲೆಕ್ಕ ನನಗೂ ಗೊತ್ತು. ಮುಂದಿನ ಚಕ್ರಕ್ಕೆ ಹಾಕಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಹೊಸದು ಅಂತ ಕೊಡುವಾಗ ಅದನ್ನು ಓದಿ.

ಕೊನೆಗೆ ಒಂದೆರಡು ಪ್ರಶ್ನೆ ಬಂದವು. ಫೋನಿನಲ್ಲಿ ನಡುಕ ಅಳೆಯುವ ಆ್ಯಪ್ ಇದೆ, ಕೆಲಸಕ್ಕೆ ಬರುತ್ತಾ ಅಂತ ಒಬ್ಬ ಹುಡುಗ ಕೇಳಿದ. ಬರುತ್ತೆ. ಸೀಟಿಗೆ ಗಟ್ಟಿಯಾಗಿ ಒತ್ತಿ ಹಿಡಿದು, ಸೆಕೆಂಡಿಗೆ ಎಷ್ಟು ಅಂತ ನೋಡು. 80ರಲ್ಲಿ 10ರ ಹತ್ತಿರ ಬಂದರೆ ಚಕ್ರ, 40ರ ಹತ್ತಿರ ಬಂದರೆ ಶಾಫ್ಟ್. ಬಾಟಲಿ ಹೇಳಿದ್ದನ್ನೇ ಅದು ಅಂಕಿಯಲ್ಲಿ ಹೇಳುತ್ತೆ.

ನಡುಕ ಇದ್ದರೂ ಓಡಿಸುತ್ತಾ ಇದ್ದರೆ ಏನಾಗುತ್ತೆ ಅಂತ ಇನ್ನೊಬ್ಬರು. ಚಕ್ರದ ನಡುಕ ಆದರೆ ಟೈರು ಗುಂಡಿ ಗುಂಡಿಯಾಗಿ ಸವೆಯುತ್ತೆ, ಸ್ಟೇರಿಂಗಿನ ಟೈ ರಾಡ್ ತುದಿಗಳು, ಬೇರಿಂಗು ಬೇಗ ಹೋಗುತ್ತೆ, ದುಡ್ಡಿನ ನಷ್ಟ. ಕ್ರಾಸ್ ಆದರೆ ಹಾಗಲ್ಲ. ಶಾಫ್ಟಿನ ಮುಂದಿನ ತುದಿ ಕಳಚಿ ರೋಡಿಗೆ ನಾಟಿಕೊಂಡರೆ ಗಾಡಿ ಎತ್ತಿ ಒಗೆಯುತ್ತೆ.

ಹಿಂದಿನ ಸಾಲಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಎದ್ದರು. “ನೀನು ಹೇಳಿದ್ದೆಲ್ಲ ಸರಿ ಕಣಪ್ಪ. ನಂದು 30ರಲ್ಲೇ ಅಲ್ಲಾಡುತ್ತೆ, 60ಕ್ಕೆ ಹೋದ್ರೆ ಜೋರು. ಅದಕ್ಕೆ ನಾನು 50 ದಾಟಲ್ಲ.” ಎಲ್ಲರೂ ನಕ್ಕರು. ನಾನು ಅರ್ಧ ನಕ್ಕು ನಿಲ್ಲಿಸಿದೆ.

ಹೊರಗೆ ಬಂದು ಅವರ ಗಾಡಿ ಕೆಳಗೆ ಫೋನ್ ಟಾರ್ಚ್ ಬಿಟ್ಟೆವು. ಹಿಂದಿನ ಎಡಗಡೆ ಟೈರಿನ ಒಳಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಊತ. ಹೊರಗೆ ನಿಂತು ನೋಡಿದರೆ ಏನೂ ಕಾಣಲ್ಲ. ಇದರಲ್ಲಿ ಮನೆಗೆ ಹೋಗಬೇಡಿ ಯಜಮಾನರೇ ಅಂದೆ. ಸ್ಟೆಪ್ನಿ ಇಳಿಸಿದೆವು. ಅದರಲ್ಲಿ ಗಾಳಿ ಇರಲಿಲ್ಲ. ಒಬ್ಬ ಐಟಿಐ ಹುಡುಗ ಅದನ್ನು ಉರುಳಿಸಿಕೊಂಡು ಪಂಕ್ಚರ್ ಅಂಗಡಿ ಕಡೆ ಹೊರಟ.